ಟ್ರೇಲರ್ ನಿಲ್ಲಿಸಿದ ಮೇಲೂ ಅಲುಗಾಡುತ್ತಿದೆಯಾ? ಮೊದಲು ಯಾವ ಕಡೆಗೆ ಅಂತ ನೋಡಿ

ಕ್ಯಾಂಪ್‌ಗ್ರೌಂಡ್‌ಗೆ ಬಂದು ಟ್ರೇಲರ್ (ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮೇಲಿನ ಮನೆ) ನಿಲ್ಲಿಸಿ, ನಾಲ್ಕೂ ಮೂಲೆಯ ಜಾಕ್, ಅಂದರೆ ನೆಲಕ್ಕೆ ಊರುವ ಕಾಲು, ಇಳಿಸಿ ಆಯ್ತು. ಆದರೂ ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಇಡೀ ಟ್ರೇಲರ್ ಒಮ್ಮೆ ತೂಗುತ್ತದೆ. ಮಕ್ಕಳು ಬಂಕ್ ಬೆಡ್‌ನಿಂದ ಇಳಿದರೆ ಮೇಜಿನ ಮೇಲಿನ ಕಾಫಿ ತುಳುಕುತ್ತದೆ. ಅಮೆರಿಕದಲ್ಲಿರುವ ನಮ್ಮವರು ಈಗ ಜಾಸ್ತಿ ಜನ ಟ್ರೇಲರ್ ಬಾಡಿಗೆಗೆ ತೆಗೆದುಕೊಂಡು ಹೋಗುತ್ತಾರೆ, ಕೆಲವರು ಸ್ವಂತದ್ದೇ ಕೊಂಡಿದ್ದಾರೆ, ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮಂಡಿ ನೋವಿರುವವರಿಗೆ, ತಲೆಸುತ್ತು ಬರುವವರಿಗೆ ಕಾಲ ಕೆಳಗಿನ ನೆಲ ಅಲುಗಾಡಿದರೆ ನಿಜಕ್ಕೂ ಭಯ ಆಗುತ್ತದೆ. ಅದಕ್ಕೇ ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ. ಅರ್ಥವಾಗದೆ ದುಡ್ಡು ಸುರಿದರೆ ಅಂಗಡಿಯಲ್ಲಿರುವ ಸಾಮಾನೆಲ್ಲ ಮನೆಗೆ ಬರುತ್ತದೆ, ಅಲುಗಾಟ ಮಾತ್ರ ಹಾಗೇ ಇರುತ್ತದೆ.

ಬಹಳ ಜನ ಎರಡು ಕೆಲಸವನ್ನು ಒಂದೇ ಅಂದುಕೊಂಡಿರುತ್ತಾರೆ. ಟ್ರೇಲರನ್ನು ಮಟ್ಟ ಮಾಡುವುದು ಒಂದು ಕೆಲಸ. ಅದು ಅಲುಗಾಡದ ಹಾಗೆ ಹಿಡಿದು ನಿಲ್ಲಿಸುವುದು ಇನ್ನೊಂದು. ಮಟ್ಟ ಮಾಡುವುದು ಚಕ್ರದ ಕೆಳಗೆ ಮತ್ತು ಮೂತಿಯ, ಅಂದರೆ ಎಳೆಯುವ ಗಾಡಿಗೆ ಸಿಕ್ಕಿಸುವ ಮುಂತುದಿಯ, ಜಾಕ್‌ನಲ್ಲಿ. ಹಿಡಿದು ನಿಲ್ಲಿಸುವುದು ಮೂಲೆಯ ಜಾಕ್‌ಗಳಲ್ಲಿ. ಇವೆರಡನ್ನು ಅದಲು ಬದಲು ಮಾಡಿದಾಗಲೇ ಬಾಗಿಲು ಸಿಕ್ಕಿಹಾಕಿಕೊಳ್ಳುವುದು, ಜಾಕ್ ಬಾಗುವುದು ಎಲ್ಲ ಶುರುವಾಗುತ್ತದೆ.

ಮಟ್ಟ ಯಾಕೆ ಬೇಕು ಅಂದರೆ, ಬರೀ ಮಲಗಲು ಹಿತ ಅಂತ ಅಲ್ಲ. ಒಗ್ಗರಣೆ ಎಣ್ಣೆ ಬಾಣಲೆಯ ಒಂದೇ ಕಡೆಗೆ ಹರಿಯುವುದೂ ದೊಡ್ಡ ತೊಂದರೆ ಅಲ್ಲ ಬಿಡಿ. ನಿಜವಾದ ತೊಂದರೆ ಫ್ರಿಡ್ಜ್‌ನದು. ಗ್ಯಾಸ್‌ನಲ್ಲೂ ಕರೆಂಟ್‌ನಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಡ್ಜ್ ಇನ್ನೂ ಎಷ್ಟೋ ಟ್ರೇಲರ್‌ಗಳಲ್ಲಿದೆ. ಅದರಲ್ಲಿ ಕಂಪ್ರೆಸರ್ ಇಲ್ಲ, ಪಂಪ್ ಇಲ್ಲ. ಅಮೋನಿಯಾ ಬೆರೆತ ನೀರನ್ನು ಬೆಂಕಿಯೋ ಹೀಟರೋ ಕಾಯಿಸುತ್ತದೆ, ಆಮೇಲೆ ದ್ರವ ತನ್ನ ಭಾರಕ್ಕೆ ತಾನೇ ಇಳಿಜಾರಾಗಿ ಹರಿದು ವಾಪಸ್ ಬರಬೇಕು. ಟ್ರೇಲರ್ ವಾಲಿ ನಿಂತರೆ ಆ ದ್ರವ ನಡುವೆ ಎಲ್ಲೋ ನಿಂತುಬಿಡುತ್ತದೆ, ಕಾಯುವ ಜಾಗದಲ್ಲಿ ಬಿಸಿ ಮಿತಿ ಮೀರುತ್ತದೆ, ಒಳಗೆ ತುಕ್ಕು ಹಿಡಿಯದಿರಲಿ ಅಂತ ಹಾಕಿರುವ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳಬಹುದು. ಹಾಗಾದರೆ ಆ ಫ್ರಿಡ್ಜ್‌ನ ಕೂಲಿಂಗ್ ಯೂನಿಟ್ ಮುಗಿಯಿತು ಅಂತಲೇ ಲೆಕ್ಕ. ಇಂಥ ಫ್ರಿಡ್ಜ್‌ಗಳಿಗೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 3 ಡಿಗ್ರಿ, ಇನ್ನೊಂದು ದಿಕ್ಕಿಗೆ 6 ಡಿಗ್ರಿವರೆಗಿನ ಓರೆ ನಡೆಯುತ್ತದೆ. ಯಾವ ದಿಕ್ಕಿಗೆ ಎಷ್ಟು ಅಂತ ಫ್ರಿಡ್ಜ್‌ನ ಕೈಪಿಡಿಯಲ್ಲಿ ಇರುತ್ತದೆ, ನೋಡಿಕೊಳ್ಳಿ. ಈಚಿನ 12 ವೋಲ್ಟ್ ಕಂಪ್ರೆಸರ್ ಫ್ರಿಡ್ಜ್ ಆದರೆ ಇಷ್ಟು ತಲೆಬಿಸಿ ಇಲ್ಲ.

ಮಟ್ಟ ಮಾಡುವಾಗ ಅಡ್ಡ ದಿಕ್ಕು ಮೊದಲು. ಅಂದರೆ ಎಡಕ್ಕೆ ಬಲಕ್ಕೆ. ಇದನ್ನು ಎಳೆಯುವ ಗಾಡಿಗೆ ಹಿಚ್ ಆಗಿರುವಾಗಲೇ (ಕೊಂಡಿ ಹಾಕಿರುವಾಗಲೇ) ಮುಗಿಸಬೇಕು, ಯಾಕೆಂದರೆ ತಗ್ಗಿನ ಕಡೆಯ ಚಕ್ರವನ್ನು ಬ್ಲಾಕ್ ಮೇಲೆ ಹತ್ತಿಸಬೇಕು, ಅದಕ್ಕೆ ಗಾಡಿಯೇ ಬೇಕು. ಒಂದು ರಸಮಟ್ಟ ಟ್ರೇಲರ್ ಒಳಗಿನ ನೆಲದ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ಎಡ ಚಕ್ರದಿಂದ ಬಲ ಚಕ್ರಕ್ಕೆ 72 ಇಂಚು ಇದ್ದರೆ ಒಂದು ಡಿಗ್ರಿ ಓರೆ ಸರಿಮಾಡಲು ಸುಮಾರು ಒಂದೂಕಾಲು ಇಂಚು ಎತ್ತರಿಸಬೇಕಾಗುತ್ತದೆ. ಎರಡು ಆಕ್ಸಲ್ (ಚಕ್ರದ ಅಚ್ಚು) ಇದ್ದರೆ ಆ ಕಡೆಯ ಎರಡು ಟೈರನ್ನೂ ಹತ್ತಿಸಿ, ಒಂದನ್ನೇ ಅಲ್ಲ. ಟೈರ್‌ನ ಪೂರ್ತಿ ಅಗಲ ಬ್ಲಾಕ್ ಮೇಲೆ ಕೂತಿರಬೇಕು. ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಟೈರ್‌ನ ಪಕ್ಕದ ಗೋಡೆಗೆ ಪೆಟ್ಟು.

ಆಮೇಲೆ ಚಕ್ರಕ್ಕೆ ಚಾಕ್, ಅಂದರೆ ಉರುಳದ ಹಾಗೆ ಒತ್ತಿ ಇಡುವ ಆಪು. ಇದಾಗದೆ ಹಿಚ್ ಬಿಚ್ಚಲೇಬೇಡಿ. ಯುರೋಪಿನ ಕ್ಯಾರವಾನ್‌ಗಳಿಗೆ ಹ್ಯಾಂಡ್‌ಬ್ರೇಕ್ ಇರುತ್ತದೆ. ಅಮೆರಿಕದ ಟ್ರಾವೆಲ್ ಟ್ರೇಲರ್‌ಗಳಲ್ಲಿ ಬಹುತೇಕ ಇರುವುದು ಎಲೆಕ್ಟ್ರಿಕ್ ಬ್ರೇಕ್, ಅದು ಗಾಡಿಯಿಂದ ಕರೆಂಟ್ ಬಂದಾಗ ಹಿಡಿಯುತ್ತದೆ. ನಿಲ್ಲಿಸಿದ ಮೇಲೆ ಹಿಡಿಯುವ ಬ್ರೇಕ್ ಅಂತ ಒಂದು ಇಲ್ಲವೇ ಇಲ್ಲ. ಕೆಲವರು ಬ್ರೇಕ್‌ಅವೇ ಸ್ವಿಚ್‌ನ ಪಿನ್ ಎಳೆದು ಇಟ್ಟರೆ ಸಾಕು ಅನ್ನುತ್ತಾರೆ. ದಯವಿಟ್ಟು ಬೇಡ. ಅದು ಓಡುತ್ತಿರುವಾಗ ಟ್ರೇಲರ್ ಕಳಚಿಕೊಂಡರೆ ನಿಲ್ಲಿಸಲು ಇರುವ ತುರ್ತು ವ್ಯವಸ್ಥೆ. ಸುಮ್ನೆ ಎಳೆದಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ, ಬ್ರೇಕಿನ ಮ್ಯಾಗ್ನೆಟ್ ಕಾದು ಹಾಳಾಗುತ್ತದೆ, ಬ್ಯಾಟರಿ ಮುಗಿದ ಕ್ಷಣ ಬ್ರೇಕೂ ಮುಗಿಯುತ್ತದೆ. ಗಟ್ಟಿ ರಬ್ಬರ್ ಚಾಕ್ ಎರಡೂ ಕಡೆಯ ಚಕ್ರಕ್ಕೆ, ಮುಂದೆ ಹಿಂದೆ ಎರಡೂ ಕಡೆ, ಟೈರ್‌ಗೆ ಒತ್ತಿ ಕೂರುವ ಹಾಗೆ ಕೊಡಿ. ಹಿಚ್ ಬಿಚ್ಚಿದ ಮೇಲೆ ಮೂತಿಯ ಟಂಗ್ ಜಾಕ್ ಏರಿಸಿ ಇಳಿಸಿ ಮುಂದೆ-ಹಿಂದಿನ ಮಟ್ಟ ಮಾಡಿ. ಇಲ್ಲಿಗೆ ಮೊದಲ ಕೆಲಸ ಮುಗಿಯಿತು.

ಈಗ ಅಲುಗಾಟಕ್ಕೆ ಬರೋಣ.

ಟ್ರೇಲರ್ ಕೆಳಗೆ ಒಮ್ಮೆ ಬಗ್ಗಿ ನೋಡಿದರೆ ಅರ್ಧ ವಿಷಯ ಅಲ್ಲೇ ಅರ್ಥವಾಗುತ್ತದೆ. ನೆಲದ ಮೇಲೆ ಗಾಳಿ ತುಂಬಿದ ಟೈರ್. ಟೈರ್‌ಗೆ ಆಕ್ಸಲ್. ಆಕ್ಸಲ್ ಮೇಲೆ ಲೀಫ್ ಸ್ಪ್ರಿಂಗ್, ಪಟ್ಟಿ ಮೇಲೆ ಪಟ್ಟಿ ಜೋಡಿಸಿದ್ದು. ಆ ಸ್ಪ್ರಿಂಗ್‌ನ ತುದಿಯನ್ನು ಫ್ರೇಮ್‌ಗೆ ಹಿಡಿದಿರುವುದು ಶ್ಯಾಕಲ್ ಅನ್ನುವ ಸಣ್ಣ ಕೊಂಡಿಗಳು, ಅವು ಮುಂದಕ್ಕೂ ಹಿಂದಕ್ಕೂ ಓಲಾಡುತ್ತವೆ. ಇವೆಲ್ಲ ರಸ್ತೆಯ ಗುಂಡಿಯ ಪೆಟ್ಟು ಒಳಗೆ ಹೋಗದಿರಲಿ ಅಂತ ಮಾಡಿರುವುದು. ಬಹಳಷ್ಟು ಟ್ರೇಲರ್‌ಗಳಲ್ಲಿ ಶಾಕ್ ಅಬ್ಸಾರ್ಬರ್ ಕೂಡ ಇರುವುದಿಲ್ಲ, ಹಾಗಾಗಿ ಒಮ್ಮೆ ಶುರುವಾದ ತೂಗಾಟ ಬೇಗ ನಿಲ್ಲುವುದಿಲ್ಲ. ಮನುಷ್ಯ ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. ಆ ಹೆಜ್ಜೆಯ ತಾಳವೂ ಟ್ರೇಲರ್ ತಾನೇ ತೂಗುವ ತಾಳವೂ ಹತ್ತಿರ ಬಂದರೆ ಸಣ್ಣ ಹುಡುಗ ನಡೆದರೂ ದೊಡ್ಡದಾಗಿ ಕುಲುಕುತ್ತದೆ. ಓಡುವಾಗ ನಮಗೆ ಬೇಕಾದ ಈ ಮೆತ್ತಗಿನ ಗುಣವೇ ನಿಂತಾಗ ಬೇಡದ್ದು.

ಅಲುಗಾಟದಲ್ಲಿ ಮೂರು ದಿಕ್ಕಿದೆ. ಮೇಲೆ-ಕೆಳಗೆ ಕುಪ್ಪಳಿಸುವುದು. ಎಡಕ್ಕೆ-ಬಲಕ್ಕೆ ಓಲಾಡುವುದು. ಮುಂದಕ್ಕೆ-ಹಿಂದಕ್ಕೆ ಜಗ್ಗುವುದು. ಒಳಗೆ ಕೂತವರಿಗೆ ಮೂರೂ ಒಂದೇ ಥರ ಅನ್ನಿಸುತ್ತದೆ, ಆದರೆ ಮೂರಕ್ಕೂ ಒಂದೇ ಔಷಧಿ ಆಗುವುದಿಲ್ಲ. ಅದಕ್ಕೇ ಏನನ್ನೂ ಕೊಳ್ಳುವ ಮೊದಲು ಮನೆಯವರಲ್ಲಿ ಒಬ್ಬರನ್ನು ಒಳಗೆ ಆ ತುದಿಯಿಂದ ಈ ತುದಿಗೆ ನಡೆಯಲು ಹೇಳಿ, ನೀವು ಹೊರಗೆ ನಿಂತು ನೋಡಿ. ಚಕ್ರದ ಹತ್ತಿರ ಕೂತು ನೋಡಿ, ಮೂಲೆಯ ಜಾಕ್ ಹತ್ತಿರ ಕೂತು ನೋಡಿ. ಜಾಕ್‌ನ ಪಾದ ನೆಲದಲ್ಲಿ ಜಾರುತ್ತಿದೆಯಾ, ಕಾಲು ಬಾಗುತ್ತಿದೆಯಾ, ಅಥವಾ ಎಲ್ಲ ಗಟ್ಟಿ ಇದ್ದರೂ ಟೈರ್ ಕೂದಲೆಳೆಯಷ್ಟು ಉರುಳಿ ವಾಪಸ್ ಬರುತ್ತಿದೆಯಾ? ಟ್ರೇಲರ್‌ನ ಪಕ್ಕಕ್ಕೆ ಒಮ್ಮೆ ಕೈ ಕೊಟ್ಟು ನೂಕಿ, ಮೂತಿ ಹಿಡಿದು ಒಮ್ಮೆ ಹಿಂದಕ್ಕೆ ಮುಂದಕ್ಕೆ ಅಲುಗಿಸಿ. ಯಾವ ದಿಕ್ಕಿನದು ಜಾಸ್ತಿ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗೆ ನೋಡಿದವರಲ್ಲಿ ಬಹಳ ಜನರಿಗೆ ಆಶ್ಚರ್ಯ ಆಗುವುದು ಇದು: ತಾವು ಓಲಾಟ ಅಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಮುಂದೆ-ಹಿಂದಿನ ಜಗ್ಗಾಟ.

ಮೂಲೆಯ ಸ್ಟೆಬಿಲೈಸರ್ ಜಾಕ್ ಮುಖ್ಯವಾಗಿ ತಡೆಯುವುದು ಮೊದಲ ಎರಡನ್ನು. ಟ್ರೇಲರ್‌ನ ತುದಿಗಳು ಸ್ಪ್ರಿಂಗ್ ಮೇಲೆ ಕುಣಿಯದ ಹಾಗೆ ಅದು ನೆಲಕ್ಕೆ ಊರಿ ಹಿಡಿಯುತ್ತದೆ. ಅಷ್ಟೇ ಅದರ ಕೆಲಸ. ಟ್ರೇಲರನ್ನು ಎತ್ತುವುದು ಅದರ ಕೆಲಸ ಅಲ್ಲ. ಡಬ್ಬಿಯ ಮೇಲೆ 5000 ಪೌಂಡ್ ಅಂತ ಬರೆದಿರುತ್ತಾರೆ, ಅದನ್ನು ನೋಡಿ ಹಾಗಾದರೆ ಎತ್ತಬಹುದಲ್ಲ ಅಂತ ಅನ್ನಿಸುತ್ತದೆ. ಜಾಕ್ ಅಷ್ಟು ಭಾರ ತಡೆಯಬಹುದು, ಆದರೆ ಟ್ರೇಲರ್‌ನ ಫ್ರೇಮ್ ಹಾಗೆ ಮಾಡಿದ್ದಲ್ಲ. ಅದರ ಭಾರ ಕೂರಬೇಕಾದದ್ದು ಆಕ್ಸಲ್‌ಗಳ ಮೇಲೆ ಮತ್ತು ಮೂತಿಯ ಮೇಲೆ. ಸಾಮಾನ್ಯವಾಗಿ ಒಟ್ಟು ಭಾರದ 10ರಿಂದ 15 ಪರ್ಸೆಂಟ್ ಮೂತಿಯ ಮೇಲೆ, ಉಳಿದದ್ದೆಲ್ಲ ಚಕ್ರದ ಮೇಲೆ. ಒಂದು ಮೂಲೆ ಹಿಡಿದು ಎತ್ತಿದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ, ಸ್ಲೈಡ್-ಔಟ್ (ನಿಲ್ಲಿಸಿದಾಗ ಪಕ್ಕಕ್ಕೆ ಹೊರಗೆ ಚಾಚುವ ಕೋಣೆಯ ಭಾಗ) ಒಂದು ಕಡೆ ಉಜ್ಜಿಕೊಂಡು ಬಂದರೆ, ಮೊದಲು ಜಾಕ್‌ಗಳನ್ನು ಸಡಿಲ ಮಾಡಿ ನೋಡಿ. ತಾನಾಗಿಯೇ ಎತ್ತಿ ಮಟ್ಟ ಮಾಡಿಕೊಳ್ಳುವ ಆಟೋ-ಲೆವೆಲಿಂಗ್ ವ್ಯವಸ್ಥೆ ಬೇರೆಯೇ ವಿಷಯ, ಅದಕ್ಕೆ ತಕ್ಕ ಕಾಲು, ತಕ್ಕ ಫ್ರೇಮ್ ಕೊಟ್ಟಿರುತ್ತಾರೆ.

ಹಾಗಾದರೆ ಎಷ್ಟು ಬಿಗಿ ಮಾಡಬೇಕು? ಪಾದ ನೆಲ ಮುಟ್ಟಿದ ಮೇಲೆ ಇನ್ನು ಸ್ವಲ್ಪ, ತಿರುಗಿಸಲು ಕೈಗೆ ಗಟ್ಟಿ ಅನ್ನಿಸುವವರೆಗೆ. ಈಗ ಎಲ್ಲರೂ ಕಾರ್ಡ್‌ಲೆಸ್ ಡ್ರಿಲ್‌ಗೆ ಮುಕ್ಕಾಲು ಇಂಚಿನ ಸಾಕೆಟ್ ಹಾಕಿ ಗರ್ ಅಂತ ಇಳಿಸಿಬಿಡುತ್ತಾರೆ. ಇಳಿಸಲು ಡ್ರಿಲ್ ಒಳ್ಳೆಯದೇ, ಸೊಂಟ ಉಳಿಯುತ್ತದೆ. ಆದರೆ ಕೊನೆಯ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಡ್ರಿಲ್‌ಗೆ ಭಾರ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಬರೀ ಈ ಜಾಕ್‌ಗಳನ್ನು ನಂಬಿ ಟ್ರೇಲರ್ ಕೆಳಗೆ ಯಾರೂ ನುಗ್ಗಬಾರದು, ಏನೇ ಬಿದ್ದಿದ್ದರೂ.

ಜಾಕ್ ಕಾಲು ಎಷ್ಟು ಉದ್ದ ಚಾಚಿದೆ ಅನ್ನುವುದು ಜನ ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ. ಒಂದು ತುದಿ ಹಿಡಿದ ಕಂಬಿಯನ್ನು ಇನ್ನೊಂದು ತುದಿಯಲ್ಲಿ ಪಕ್ಕಕ್ಕೆ ತಳ್ಳಿದಾಗ ಅದು ಎಷ್ಟು ಬಾಗುತ್ತದೆ ಅನ್ನುವುದು ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಕತ್ತರಿಯ ಹಾಗೆ ಮಡಚಿ ಬಿಚ್ಚುವ ಸಿಸರ್ ಜಾಕ್‌ನ ಆಕಾರ ಬೇರೆ, ಈ ಲೆಕ್ಕ ಅದಕ್ಕೆ ಹಾಗೆ ಹಾಗೇ ಕೂರುವುದಿಲ್ಲ, ಆದರೂ ಪೂರ್ತಿ ಚಾಚಿದ ಕಾಲು ಗಿಡ್ಡ ಕಾಲಿಗಿಂತ ಜಾಸ್ತಿ ಓಲಾಡುತ್ತದೆ ಅನ್ನುವ ಮಾತು ಎಲ್ಲ ಕಾಲಿಗೂ ನಿಜ. ಹಾಗಾಗಿ ಕೆಳಗೆ ಮರದ ದಪ್ಪ ಹಲಗೆಯೋ ಬ್ಲಾಕೋ ಪೇರಿಸಿ ನೆಲವನ್ನೇ ಮೇಲಕ್ಕೆ ತನ್ನಿ, ಕಾಲು ಕಡಿಮೆ ಚಾಚಲಿ. ಮೂತಿಯ ಟಂಗ್ ಜಾಕ್‌ಗೂ ಇದೇ ಮಾತು. ಅದು ಒಂಟಿ ಕಾಲು, ಉದ್ದ ಬಿಟ್ಟಷ್ಟೂ ತೂಗುತ್ತದೆ. ಒಂದು ಎಚ್ಚರಿಕೆ, ಟೊಳ್ಳು ಸಿಮೆಂಟ್ ಇಟ್ಟಿಗೆ ಮಾತ್ರ ಇಡಬೇಡಿ. ಅವು ಬಿರುಕು ಬಿಡುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ.

ಹಲಗೆಯಿಂದ ಇನ್ನೊಂದು ಉಪಯೋಗ ಇದೆ, ಅದು ನೆಲದ್ದು. ಜಾಕ್‌ನ ಪಾದ 5 ಇಂಚು 6 ಇಂಚು ಇದ್ದರೆ 30 ಚದರ ಇಂಚು ಆಯಿತು. ಅದರ ಕೆಳಗೆ 12 ಇಂಚಿನ ಚೌಕದ ಹಲಗೆ ಇಟ್ಟರೆ 144. ಅದೇ ಭಾರ ಹೆಚ್ಚುಕಡಿಮೆ ಐದು ಪಟ್ಟು ಜಾಗಕ್ಕೆ ಹಂಚಿತು. ಕಾಂಕ್ರೀಟ್ ಪ್ಯಾಡ್ ಮೇಲೆ ಇದರಿಂದ ವ್ಯತ್ಯಾಸ ಕಡಿಮೆ. ಫ್ಲೋರಿಡಾದ ಮರಳು, ಮಳೆ ಬಂದು ನೆನೆದ ಜೇಡಿಮಣ್ಣು, ಹೊಸದಾಗಿ ಸುರಿದ ಜಲ್ಲಿ, ಇಂಥ ಕಡೆ ಮಾತ್ರ ಹಲಗೆ ಇಲ್ಲದ ಪಾದ ರಾತ್ರಿಯೊಳಗೆ ಅರ್ಧ ಇಂಚು ಹೂತು ಹೋಗುತ್ತದೆ, ಬೆಳಗ್ಗೆ ಆ ಮೂಲೆ ಗಾಳಿಯಲ್ಲಿ ನಿಂತ ಹಾಗೆ. ಯೊಸೆಮಿಟಿಯ ಅಪ್ಪರ್ ಪೈನ್ಸ್ ಥರ ಮರಗಳ ನಡುವೆ ಇರುವ ಹಳೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನೆಲವೇ ಸಮ ಇರುವುದಿಲ್ಲ, ನಾಲ್ಕು ಮೂಲೆಗೆ ನಾಲ್ಕು ಎತ್ತರ ಬೇಕಾಗುತ್ತದೆ. ಬ್ಲಾಕ್ ಎರಡು ಜಾಸ್ತಿಯೇ ಇಟ್ಟುಕೊಂಡು ಹೋಗಿ.

ಈಗ ಮುಂದೆ-ಹಿಂದಿನ ಜಗ್ಗಾಟ. ಇದಕ್ಕೆ ಮೂಲೆಯ ಜಾಕ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಕಡಿಮೆ, ಯಾಕೆಂದರೆ ಆ ಕಾಲುಗಳೇ ಆ ದಿಕ್ಕಿಗೆ ಬಾಗುತ್ತವೆ. ಟೈರ್‌ಗೂ ಚಾಕ್‌ಗೂ ನಡುವೆ ಬೆರಳಷ್ಟು ಸಂದು ಇದ್ದರೆ ಟೈರ್ ಅಷ್ಟು ಉರುಳುತ್ತದೆ. ಎರಡು ಆಕ್ಸಲ್ ಇರುವ ಟ್ರೇಲರ್‌ಗೆ ಎಕ್ಸ್-ಚಾಕ್ ಅಂತ ಸಿಗುತ್ತದೆ. ಎರಡು ಟೈರ್‌ಗಳ ನಡುವೆ ಇಟ್ಟು ತಿರುಗಿಸಿದರೆ ಅದು ಹಿಗ್ಗಿ ಎರಡನ್ನೂ ದೂರ ತಳ್ಳಿ ಹಿಡಿಯುತ್ತದೆ, ಟೈರ್ ಉರುಳುವುದು ನಿಲ್ಲುತ್ತದೆ. ಕೊಡುವ ದುಡ್ಡಿಗೆ ಇಷ್ಟು ವ್ಯತ್ಯಾಸ ತರುವ ಇನ್ನೊಂದು ಸಾಮಾನು ನನಗೆ ಗೊತ್ತಿಲ್ಲ. ಆದರೆ ಅದು ನೆಲದ ಚಾಕ್‌ಗೆ ಬದಲಿ ಅಲ್ಲ, ಅದೂ ಇರಬೇಕು ಇದೂ ಇರಬೇಕು. ಇನ್ನೊಂದು, ಟೈರ್‌ನ ಗಾಳಿಯ ಒತ್ತಡ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 1 ಪಿಎಸ್‌ಐ ಏರುತ್ತದೆ, ಇಳಿಯುತ್ತದೆ. ಸಂಜೆ ಬಿಸಿಯಲ್ಲಿ ಬಿಗಿ ಮಾಡಿದ್ದು ಬೆಳಗಿನ ಚಳಿಗೆ ಸಡಿಲ ಆಗಿರುತ್ತದೆ. ಬೆಳಗಿನ ಚಳಿಯಲ್ಲಿ ಜೋರಾಗಿ ಬಿಗಿದರೆ ಮಧ್ಯಾಹ್ನ ಬಿಸಿಲಿಗೆ ಟೈರ್ ಉಬ್ಬಿ ಆಕ್ಸಲ್ ಮೇಲೆ ಒತ್ತಡ. ಹಾಗಾಗಿ ಹಿತವಾಗಿ ಬಿಗಿದು, ಒಮ್ಮೆ ಮತ್ತೆ ನೋಡಿ.

ಟೈರ್ ಅಲುಗದೆ ನಿಂತ ಮೇಲೂ ಸ್ವಲ್ಪ ಜಗ್ಗಾಟ ಉಳಿದರೆ ಅದು ಶ್ಯಾಕಲ್‌ಗಳದು. ಟೈರ್ ನಿಂತಲ್ಲೇ ಇದೆ, ಅದರ ಮೇಲೆ ಇಡೀ ಮನೆ ಕೊಂಡಿಗಳಲ್ಲಿ ತೂಗುತ್ತಿದೆ. ಚಕ್ರಕ್ಕೆ ಏನು ಮಾಡಿದರೂ ಇದು ಹೋಗುವುದಿಲ್ಲ. ಇಲ್ಲಿ ಬೇಕಾದದ್ದು ಓರೆ ಆಸರೆ. ಮದುವೆ ಮನೆ ಚಪ್ಪರ ನೆನಪಿಸಿಕೊಳ್ಳಿ. ನೆಟ್ಟಗೆ ನಿಲ್ಲಿಸಿದ ಕಂಬ ಎಷ್ಟೇ ದಪ್ಪ ಇದ್ದರೂ ಗಾಳಿಗೆ ಇಡೀ ಚಪ್ಪರ ಒಂದು ಕಡೆಗೆ ವಾಲುತ್ತದೆ, ಕಂಬದಿಂದ ಕಂಬಕ್ಕೆ ಓರೆಯಾಗಿ ಒಂದು ಗಳ ಕಟ್ಟಿದ ತಕ್ಷಣ ನಿಂತುಬಿಡುತ್ತದೆ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಟ್ರೇಲರ್‌ಗೆ ಸಿಗುವ ಸ್ಟ್ರಟ್ ಅಥವಾ ಬ್ರೇಸ್‌ಗಳು ಮಾಡುವುದೂ ಇದನ್ನೇ. ಜಾಕ್‌ನ ಪಾದದ ಹತ್ತಿರದಿಂದ ಫ್ರೇಮ್‌ಗೆ ಓರೆಯಾಗಿ ಒಂದು ಕೊಳವೆ, ಒಂದು ಉದ್ದ ದಿಕ್ಕಿಗೆ, ಇನ್ನೊಂದು ಅಡ್ಡ ದಿಕ್ಕಿಗೆ. ಜಾಕ್ ಇಳಿಸುವಾಗ ಸಡಿಲ, ಇಳಿಸಿದ ಮೇಲೆ ತಿರುಪು ಬಿಗಿ. ಬೆಲೆ ಜಾಸ್ತಿ, ಕೂರಿಸುವ ಕೆಲಸವೂ ಇದೆ. ವರ್ಷಕ್ಕೆ ಎರಡು ಸಲ ಹೋಗುವವರಿಗೆ ಬೇಡ. ತಿಂಗಳುಗಟ್ಟಲೆ ಅದರಲ್ಲೇ ಇರುವವರಿಗೆ, ಅದರಲ್ಲೇ ಕೂತು ಆಫೀಸ್ ಕೆಲಸ ಮಾಡುವವರಿಗೆ ಖಂಡಿತ ಬೇಕು. ಪಿಕಪ್ ಗಾಡಿಯ ಹಿಂಬದಿಯ ತೊಟ್ಟಿಗೆ ಸಿಕ್ಕಿಸುವ ಫಿಫ್ತ್-ವೀಲ್ ಟ್ರೇಲರ್ ಆದರೆ ಸಿಕ್ಕಿಸುವ ಗೂಟವಾದ ಮುಂದಿನ ಕಿಂಗ್‌ಪಿನ್ ಕೆಳಗೆ ಮೂರು ಕಾಲಿನ ಸ್ಟ್ಯಾಂಡ್ ಇಡುವುದುಂಟು, ಅದೂ ತ್ರಿಕೋನದ್ದೇ ಉಪಯೋಗ.

ಸಣ್ಣ ಸಣ್ಣ ವಿಷಯ ಕೆಲವು ಇವೆ. ಬಾಗಿಲ ಮೆಟ್ಟಿಲು ಫ್ರೇಮ್‌ನಿಂದ ನೇತಾಡುವ ಥರದ್ದಾದರೆ ಯಾರು ಹತ್ತಿದರೂ ಆ ಬದಿ ಒಮ್ಮೆ ಕೆಳಗೆ ಜಗ್ಗುತ್ತದೆ. ಅದರ ಕೆಳಗೆ ಒಂದು ಸಣ್ಣ ಊರುಗಾಲು ಕೊಡಿ. ವಯಸ್ಸಾದವರು ಜೊತೆಗಿದ್ದರೆ ನಾನು ಮೊದಲು ಮಾಡಿ ಅನ್ನುವುದು ಈ ಕೆಲಸವನ್ನೇ. ನೀರಿನ ಟ್ಯಾಂಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಂದು ಗ್ಯಾಲನ್ ನೀರು 8 ಪೌಂಡ್‌ಗಿಂತ ಸ್ವಲ್ಪ ಜಾಸ್ತಿ, 40 ಗ್ಯಾಲನ್ ಅಂದರೆ 330 ಪೌಂಡ್ ಮೀರುತ್ತದೆ. ಎರಡು ದಿನದಲ್ಲಿ ಆ ನೀರು ಖರ್ಚಾದರೆ ಅಲ್ಲಿನ ಸ್ಪ್ರಿಂಗ್ ಸ್ವಲ್ಪ ಮೇಲೇಳುತ್ತದೆ, ಬಿಗಿ ಇದ್ದ ಜಾಕ್ ಸಡಿಲ ಆಗುತ್ತದೆ. ಮೂರನೇ ದಿನಕ್ಕೆ ಮತ್ತೆ ಅಲುಗಾಡುತ್ತಿದೆಯಲ್ಲ ಅನ್ನುವವರಿಗೆ ಇದೂ ಒಂದು ಕಾರಣ. ಸ್ಲೈಡ್-ಔಟ್ ಇದ್ದರೆ ಅದನ್ನು ಹೊರಗೆ ತೆಗೆಯುವ ಮೊದಲು ಮಟ್ಟ ಆಗಿರಲೇಬೇಕು. ಜಾಕ್ ಮೊದಲೋ ಸ್ಲೈಡ್ ಮೊದಲೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಟ್ರೇಲರ್ ಕೈಪಿಡಿ ಹೇಳಿದ ಹಾಗೆ ಮಾಡಿ. ಬಾಡಿಗೆಯದಾದರೆ ಕೊಡುವವರನ್ನು ಕೇಳಿ, ಕೇಳಲು ಸಂಕೋಚ ಬೇಡ.

ಗಾಳಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. 25 ಅಡಿ ಉದ್ದ, 8 ಅಡಿ ಎತ್ತರದ ಪಕ್ಕ ಅಂದರೆ 200 ಚದರ ಅಡಿಯ ಗೋಡೆ. ಗಂಟೆಗೆ 40 ಮೈಲಿ ವೇಗದ ಗಾಳಿ ಆ ಗೋಡೆಗೆ ನೇರ ಬಡಿದರೆ ಹೆಚ್ಚುಕಡಿಮೆ 800 ಪೌಂಡ್ ನೂಕು. ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಸಮುದ್ರ ದಂಡೆಯಲ್ಲೋ ಬಯಲು ಪ್ರದೇಶದಲ್ಲೋ ಗಾಳಿಯ ಮುನ್ಸೂಚನೆ ಇದ್ದರೆ, ಜಾಗ ಇದ್ದರೆ, ಟ್ರೇಲರ್‌ನ ಮೂತಿಯನ್ನು ಗಾಳಿ ಬರುವ ಕಡೆಗೆ ನಿಲ್ಲಿಸಿ. ಆನಿಂಗ್ (ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಮಾಡು) ಸುತ್ತಿ ಒಳಗೆ ಹಾಕಿ, ಅದು ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಗಾಡಿಗೆ ಹಿಚ್ ಮಾಡಿಯೇ ಬಿಟ್ಟರೆ ಇನ್ನೂ ಗಟ್ಟಿ. ಬಿರುಗಾಳಿಯ ಎಚ್ಚರಿಕೆ ಇದ್ದರೆ ಜಾಕ್ ಬಿಗಿ ಮಾಡುತ್ತ ಕೂರಬೇಡಿ, ಮನೆಯವರನ್ನು ಕರೆದುಕೊಂಡು ಗಟ್ಟಿ ಕಟ್ಟಡಕ್ಕೆ ಹೋಗಿ.

ಒಂದೇ ರಾತ್ರಿ ತಂಗಿ ಮುಂದೆ ಹೋಗುವುದಾದರೆ ಇಷ್ಟೆಲ್ಲ ಬೇಡ. ಸಮ ಇರುವ ಜಾಗ ಸಿಕ್ಕರೆ ಹಿಚ್ ಬಿಚ್ಚದೆ, ಚಾಕ್ ಕೊಟ್ಟು, ಹಿಂದಿನ ಎರಡು ಜಾಕ್ ಇಳಿಸಿದರೆ ಸಾಕು. ಮುಂಭಾಗವನ್ನು ಗಾಡಿಯೇ ಹಿಡಿದಿರುತ್ತದೆ.

ಹೊರಡುವಾಗ ಕ್ರಮ ತಿರುಗುಮುರುಗು. ಸ್ಲೈಡ್ ಒಳಗೆ, ಜಾಕ್ ನಾಲ್ಕೂ ಮೇಲೆ, ಎಕ್ಸ್-ಚಾಕ್ ಹೊರಗೆ, ಹಿಚ್ ಮಾಡಿ ಕಪ್ಲರ್ (ಮೂತಿಯ ಕೊಂಡಿ) ಲಾಕ್ ಬಿದ್ದಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿ, ಸರಪಳಿ ಹಾಕಿ, ಟಂಗ್ ಜಾಕ್ ಪೂರ್ತಿ ಮೇಲೆತ್ತಿ. ನೆಲದ ಚಾಕ್ ತೆಗೆಯುವುದು ಇದೆಲ್ಲ ಆದ ಮೇಲೆ, ಕಟ್ಟಕಡೆಗೆ. ಆಮೇಲೆ ಬ್ಲಾಕ್ ಮೇಲಿನಿಂದ ನಿಧಾನ ಇಳಿಸಿ, ಹತ್ತು ಅಡಿ ಮುಂದೆ ಹೋಗಿ ನಿಲ್ಲಿಸಿ, ಬ್ಲಾಕ್ ಹಲಗೆ ಎತ್ತಿಕೊಳ್ಳುವಾಗಲೇ ಟ್ರೇಲರ್ ಸುತ್ತ ಒಂದು ಸುತ್ತು ಬಂದು ಯಾವುದಾದರೂ ಜಾಕ್ ಇನ್ನೂ ಕೆಳಗೆ ಇದೆಯಾ ಅಂತ ಬಗ್ಗಿ ನೋಡಿ. ಇಳಿದ ಜಾಕ್ ಜೊತೆಗೇ ಗಾಡಿ ಎಳೆದರೆ ಜಾಕ್ ಮುರಿಯುವುದಷ್ಟೇ ಅಲ್ಲ, ಅದು ಹಿಡಿದಿದ್ದ ಫ್ರೇಮ್‌ನ ಜಾಗವೂ ಬಾಗುತ್ತದೆ.